ಮಕ್ಕಳ ಆಟಕ್ಕೆ ದೆವ್ವದ ಆಟ ಅಂತ ಹೆಸರಿಟ್ಟು ಎಬ್ಬಿಸಿ ಕಳಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಮ್ಮ ಕಡೆ ಒಂದು ಲೈಬ್ರರಿಯಲ್ಲಿ ಐದಾರು ಮಕ್ಕಳು ಶನಿವಾರ ಮಧ್ಯಾಹ್ನ ಮೂಲೆ ಟೇಬಲ್ ಹಿಡ್ಕೊಂಡು ಆಡ್ತಾ ಕೂತಿದ್ರು, ಯಾರೋ ದೊಡ್ಡೋರು ಬಂದು ಅವರ ಪೇಪರ್ ಇಣುಕಿ ನೋಡಿ ‘ಇದೇನು ದೆವ್ವ ಭೂತ ಅಂತ ಬರ್ಕೊಂಡಿದೀರಾ, ತಲೆ ಕೆಡುತ್ತೆ, ಏಳಿ’ ಅಂತ ಎಬ್ಬಿಸಿ ಕಳಿಸಿಬಿಟ್ರು. ಅವರಲ್ಲಿ ನನ್ನ ತಂಗಿ ಮಗಳೂ ಇದ್ದಳು. ಆಟ ಏನು ಅಂತ ಒಂದು ಮಾತೂ ಕೇಳದೆ ಕಳಿಸಿದ್ದಕ್ಕೆ ಬೇಜಾರಾಗಿ ಈ ಪತ್ರ ಬರೀತಿದೀನಿ.

ಇದಕ್ಕೆ ಬೋರ್ಡ್ ಬೇಡ, ಮೊಬೈಲ್ ಅಂತೂ ಬೇಡ್ವೇ ಬೇಡ. ಒಬ್ರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸ್ಕೊಂಡು ಕೂತಲ್ಲೇ ‘ನಾನೀಗ ಹೀಗೆ ಮಾಡ್ತೀನಿ’ ಅಂತಾರೆ, ಅದು ಆಗುತ್ತೋ ಇಲ್ವೋ ಅಂತ ದಾಳ ಹೇಳುತ್ತೆ. ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದ ಮೇಲೆ ಈ ಥರದ ಆಟ ಬೆಳೀತು, 1980ರ ದಶಕದಲ್ಲಿ ಅಲ್ಲೂ ಇದು ಸೈತಾನನ ಪೂಜೆ ಅಂತ ದೊಡ್ಡ ಗಲಾಟೆನೇ ಆಗಿತ್ತು. ನಮ್ಮ ಮಕ್ಕಳು ಆಡ್ತಿದ್ದಿದ್ದು 2017ರಲ್ಲಿ ಬಂದ ‘ಟೇಲ್ಸ್ ಫ್ರಂ ದಿ ಲೂಪ್’, ಸ್ವೀಡನ್‌ನವರದ್ದು. ಅದ್ರಲ್ಲಿ ಆಡೋರ ಪಾತ್ರಗಳೆಲ್ಲ 10ರಿಂದ 15 ವರ್ಷದ ಮಕ್ಕಳೇ ಆಗಿರಬೇಕು, ಊರಲ್ಲಿ ವಿಚಿತ್ರ ಯಂತ್ರ, ವಿಚಿತ್ರ ಪ್ರಾಣಿ ಏನೇನೋ ಓಡಾಡ್ತಿರುತ್ತೆ, ದೊಡ್ಡೋರಿಗೆ ಹೇಳಿದ್ರೆ ನಂಬಲ್ಲ, ಹಾಗಾಗಿ ಮಕ್ಕಳೇ ಹೋಗಿ ನೋಡ್ತಾರೆ.

ಆದ್ರೆ ಅದರ ರೂಲ್ಸ್ ಓದಿ ನೋಡಿ, ಎಷ್ಟು ಜೋಪಾನವಾಗಿ ಮಾಡಿದಾರೆ ಅಂತ ಗೊತ್ತಾಗುತ್ತೆ. ಮೊದಲನೇದಾಗಿ ಅಲ್ಲಿ ಮಕ್ಕಳ ಪಾತ್ರ ಸಾಯಲ್ಲ. ಹೆದರ್ತಾರೆ, ಸುಸ್ತಾಗ್ತಾರೆ, ಗಾಯ ಆಗುತ್ತೆ, ಅದನ್ನೆಲ್ಲ ಪೇಪರ್ ಮೇಲೆ ಗುರುತು ಹಾಕ್ಬೇಕು, ಗುರುತು ಜಾಸ್ತಿ ಆದಷ್ಟು ಹಾಕೋಕೆ ಸಿಗೋ ದಾಳ ಕಮ್ಮಿ ಆಗುತ್ತೆ. ಆ ಹೆದರಿಕೆ ಹೋಗಬೇಕಂದ್ರೆ ಪಾತ್ರ ತನ್ನ ನಂಬಿಕೆಯ ಒಬ್ಬರ ಹತ್ರ ಹೋಗಿ ಕೂರಬೇಕು, ಆ ಒಬ್ಬರು ಯಾರು ಅಂತ ಆಟ ಶುರುವಾಗೋ ಮೊದಲೇ ಬರೆದಿಟ್ಟಿರ್ತಾರೆ. ನನ್ನ ತಂಗಿ ಮಗಳು ಅಜ್ಜಿ ಅಂತ ಬರೆದಿದ್ದಳು. ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬ ಹುಡುಗ ಬರೆದಿದ್ದು ‘ಬಿಸಿಯೂಟದ ಅಕ್ಕ’ ಅಂತ. ಅದನ್ನ ಓದಿ ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆ ಹುಡುಗನಿಗೆ ಧೈರ್ಯ ಎಲ್ಲಿಂದ ಸಿಗ್ತಿದೆ ಅಂತ ಅವನ ಶಾಲೆಯಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ ಏನೋ.

ಇನ್ನೊಂದು ಇದೆ. ಲೂಡೋ ಡಬ್ಬಿಯ ದಾಳಗಳೇ ಸಾಕು, ಒಂದಾದ್ರೂ ಆರು ಬಿದ್ರೆ ಗೆದ್ದ ಹಾಗೆ. ಮೂರು ದಾಳ ಹಾಕಿದ್ರೆ ಆರು ಬೀಳೋ ಚಾನ್ಸ್ ನೂರಕ್ಕೆ 42, ಜೊತೆಯವರು ಒಬ್ರು ಬಂದು ಸಹಾಯ ಮಾಡಿದ್ರೆ ಒಂದು ದಾಳ ಜಾಸ್ತಿ ಸಿಗುತ್ತೆ, ಆಗ 52ರ ಹತ್ರ ಹೋಗುತ್ತೆ. ಈ ಲೆಕ್ಕ ಮಕ್ಕಳಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ, ಎರಡನೇ ಸಲ ಆಡುವಾಗ್ಲೇ ‘ಒಬ್ನೇ ಹೋಗ್ಬೇಡ ನಾನೂ ಬರ್ತೀನಿ’ ಅನ್ನೋಕೆ ಶುರು ಮಾಡ್ತಾರೆ.

ಸ್ವೀಡನ್ ಊರು ಅವರಿಗೆ ಯಾಕೆ, ಕಥೆನ ನಮ್ಮ ಕಡೆಗೇ ತಂದ್ಕೊಂಡಿದ್ರು. ಕಾಫಿ ತೋಟ, ಕರೆಂಟಿಲ್ಲದ ರಾತ್ರಿ, ದೇವರಕಾಡಿನ ಅಂಚಿನಿಂದ ಏನೋ ಒಂದು, ಅಮ್ಮನ ದನಿಯಲ್ಲಿ, ಮಕ್ಕಳ ಹೆಸರು ಹಿಡಿದು ಕರೆಯುತ್ತೆ. ಒಬ್ಬ ಓಡ್ತೀನಿ ಅಂದ. ಎಲ್ಲರಿಗಿಂತ ಚಿಕ್ಕವಳು ‘ನಾನು ಓಡಲ್ಲ, ಟಾರ್ಚ್ ಹಿಡೀತೀನಿ, ನೀವು ನನ್ನ ಹಿಂದೆ ಬನ್ನಿ’ ಅಂದಳು. ಅವಳು ಮನೇಲಿ ಗುಡುಗಿಗೂ ಹೆದರೋ ಹುಡುಗಿ!

ನಮ್ಮ ಕೊಡಗು ಜಿಲ್ಲೆಯ ಮಕ್ಕಳಿಗೆ ಹೆದರಿಕೆ ಏನು ಹೊಸದಲ್ಲ ಸಾರ್. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜರಿದಾಗ ಎಷ್ಟು ಮಕ್ಕಳು ಪರಿಹಾರ ಕೇಂದ್ರದಲ್ಲಿ ಮಲಗಿ ಎದ್ದಿದ್ದಾರೆ, ಆಮೇಲೆ 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಜರೀತು. ಇವತ್ತಿಗೂ ಜೋರು ಮಳೆ ಹಿಡಿದ್ರೆ ಊಟ ಬಿಟ್ಟು ಗುಡ್ಡದ ಕಡೆ ನೋಡೋ ಮಕ್ಕಳಿದ್ದಾರೆ, ತೋಟದೊಳಗೆ ಆನೆ ಇದೆ ಅಂತ ವಾಟ್ಸಾಪ್ ಮೆಸೇಜ್ ನೋಡ್ಕೊಂಡು ಶಾಲೆಗೆ ಹೊರಡೋ ಮಕ್ಕಳಿದ್ದಾರೆ. ಇವರಿಗೆ ಭಯದ ವಿಷಯನೇ ಎತ್ತಬೇಡಿ ಅಂದ್ರೆ ಭಯ ಹೋಗುತ್ತಾ? ಮೇಜಿನ ಸುತ್ತ ಫ್ರೆಂಡ್ಸ್ ಜೊತೆ ಕೂತು, ತಾನೇ ಕಟ್ಟಿದ ಭೂತನ ತಾನೇ ಎದುರಿಸೋಕೆ ಒಂದು ಅವಕಾಶ ಸಿಗಲಿ ಅಂತ ನನ್ನ ಆಸೆ.

ಹಾಗಂತ ಎಲ್ಲ ಮಕ್ಕಳಿಗೂ ಎಲ್ಲ ಕಥೆ ಆಗಲ್ಲ, ಅದು ನಿಜ. ತೀರಾ ಚಿಕ್ಕವರನ್ನ ಕೂರಿಸಬಾರದು, ಗುಡ್ಡ ಕುಸಿತ ಕಣ್ಣಾರೆ ನೋಡಿದ ಮಗುವಿನ ಮುಂದೆ ಗುಡ್ಡ ಜರಿಯೋ ಕಥೆ ಯಾರೂ ಮಾಡಬಾರದು. ಅದಕ್ಕೂ ಒಂದು ದಾರಿ ಇದೆ. ಜಾನ್ ಸ್ಟಾವ್ರೊಪೌಲಸ್ ಅನ್ನೋರು ಮಾಡಿದ ‘ಎಕ್ಸ್ ಕಾರ್ಡ್’ ಅಂತ, ಒಂದು ಚೀಟಿ ಮೇಲೆ ಎಕ್ಸ್ ಗುರುತು ಹಾಕಿ ಮೇಜಿನ ಮಧ್ಯ ಇಡ್ತಾರೆ, ಯಾರಿಗೇ ಕಥೆ ಕಷ್ಟ ಆದ್ರೂ ಅದನ್ನ ಮುಟ್ಟಿದ್ರೆ ಆ ಭಾಗ ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋಗಬೇಕು, ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ. ನಮ್ಮ ಮಕ್ಕಳ ಮೇಜಿನ ಮೇಲೂ ಆ ಚೀಟಿ ಇತ್ತು, ಎಬ್ಬಿಸೋಕೆ ಬಂದವರು ಅದನ್ನ ನೋಡಲಿಲ್ಲ.

ನಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನ ಈಗ ಅರಿವು ಕೇಂದ್ರ ಅಂತ ಮಾಡಿದಾರೆ, ಮಕ್ಕಳು ಬರಲಿ ಅಂತಾನೇ ಮಾಡಿದ್ದು. ಶನಿವಾರ ಮಧ್ಯಾಹ್ನ ಎರಡು ಗಂಟೆ ಒಂದು ಟೇಬಲ್ ಬಿಟ್ಟುಕೊಡಿ, ಓದೋರಿಗೆ ತೊಂದರೆ ಅಂದ್ರೆ ಜಗಲಿಯಾದ್ರೂ ಆಗುತ್ತೆ. ದಾಳ, ಪೆನ್ಸಿಲ್ ಮಕ್ಕಳೇ ತರ್ತಾರೆ. ಕಾಲೇಜು ಓದೋ ಅಣ್ಣ ಅಕ್ಕಂದಿರು ಕಥೆ ನಡೆಸೋಕೆ ಮುಂದೆ ಬಂದ್ರೆ ಇನ್ನೂ ಒಳ್ಳೇದು, ರೂಲ್ಸ್ ಎಲ್ಲ ಇಂಗ್ಲಿಷಲ್ಲೇ ಇರೋದ್ರಿಂದ ಕನ್ನಡ ಮೀಡಿಯಂ ಮಕ್ಕಳು ಹೊರಗೇ ಉಳೀತಿದ್ದಾರೆ, ಅವರಿಗೋಸ್ಕರ ಯಾರಾದ್ರೂ ಕನ್ನಡದಲ್ಲೇ ಒಂದು ಚಿಕ್ಕ ಆಟ ಬರೆದುಕೊಡಿ. ಇನ್ನೂ ಅನುಮಾನ ಇರೋ ತಂದೆ ತಾಯಿ ದಯವಿಟ್ಟು ಬಂದು ಪಕ್ಕದಲ್ಲಿ ಕೂತು ಒಂದು ಆಟ ಪೂರ್ತಿ ನೋಡಿ, ಆಮೇಲೆ ಮಾತಾಡೋಣ.

ಇಂತಿ,
ಒಬ್ಬ ಓದುಗಿ,
ಸೋಮವಾರಪೇಟೆ ತಾಲ್ಲೂಕು, ಕೊಡಗು