ಮಕ್ಕಳ ಮೊಬೈಲ್ ಬಗ್ಗೆ ಹೆತ್ತವರಿಗೆ

ಪ್ರಿಯ ಹೆತ್ತವರೇ,

ಕಳೆದ ವಾರ ಎಂಟನೇ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಸಿಕ್ಕಿದ ಮೊಬೈಲನ್ನು ಕಚೇರಿಯಲ್ಲಿ ತೆಗೆದಿರಿಸಿ, ಸಂಜೆ ಅವನ ತಾಯಿಯ ಕೈಗೇ ಒಪ್ಪಿಸಿದೆವು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಇದರ ಬಗ್ಗೆ ಹಲವರು ಸಿಟ್ಟಿನಿಂದಲೇ ಮಾತನಾಡಿದಿರಿ. “ಮಕ್ಕಳ ಸುರಕ್ಷತೆಗೆ ಬೇಕಾದ್ದನ್ನೆಲ್ಲ ಕಂಪನಿಯವರೇ ಫೋನಿನಲ್ಲಿ ಇಟ್ಟಿದ್ದಾರಲ್ಲ, ಶಾಲೆಗೇಕೆ ಹೆದರಿಕೆ?” ಎಂದು ತಂದೆಯೊಬ್ಬರು ಕೇಳಿದರು. ಅಂದು ನಾನು ಸರಿಯಾಗಿ ಉತ್ತರಿಸಲಿಲ್ಲ. ಅದಕ್ಕೇ ಈ ಪತ್ರ.

ಶಾಲೆಗೆ ಮೊಬೈಲ್ ತರಬಾರದೆಂಬ ನಿಯಮ ಬದಲಾಗುವುದಿಲ್ಲ. ಮಳೆಗೆ ಬೇಗ ಶಾಲೆ ಬಿಟ್ಟರೆ, ಬಸ್ ತಪ್ಪಿದರೆ ಕಚೇರಿಯಿಂದ ನಾವೇ ಕರೆ ಮಾಡುತ್ತೇವೆ.

ಕಂಪನಿಗಳು ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಗೂಗಲ್ 2017ರಲ್ಲೇ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ತಂದಿತು. ಮಗು ಯಾವ ಆ್ಯಪ್ ಹಾಕಿಕೊಳ್ಳಬಹುದು, ರಾತ್ರಿ ಎಷ್ಟು ಹೊತ್ತಿಗೆ ಅದರ ಫೋನಿಗೆ ಬೀಗ ಬೀಳಬೇಕು ಎಂಬುದನ್ನು ತಾಯಿ ತನ್ನ ಫೋನಿನಿಂದಲೇ ನಿರ್ಧರಿಸಬಹುದು. 2025ರಲ್ಲಿ ಭಾರತಕ್ಕೂ ಬಂದ ಇನ್‌ಸ್ಟಾಗ್ರಾಮ್‌ನ ಹದಿಹರೆಯದವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಅಪರಿಚಿತರ ಸಂದೇಶಗಳನ್ನು ತಡೆಯುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸೂಚನೆಗಳ ಸದ್ದಡಗಿಸುತ್ತದೆ. 16 ತುಂಬದವರು ಈ ಕಟ್ಟುಗಳನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಒಳ್ಳೆಯ ಏರ್ಪಾಡುಗಳೇ.

ಆದರೆ ಇವೆಲ್ಲ ನಿಂತಿರುವುದು ಹುಟ್ಟಿದ ವರ್ಷದ ಮೇಲೆ. ತರಗತಿಯಲ್ಲಿ ಕೇಳಿದಾಗ ಮಕ್ಕಳು ಮುಚ್ಚುಮರೆಯಿಲ್ಲದೆ ಹೇಳಿದರು: ಕೆಲವರ ಖಾತೆ ಅಮ್ಮನ ಹೆಸರಿನಲ್ಲಿದೆ, ಕೆಲವರು ಅಣ್ಣನ ಹುಟ್ಟಿದ ವರ್ಷ ಹಾಕಿದ್ದಾರೆ. ನಮ್ಮ ಏಳನೇ ತರಗತಿಯ ಹುಡುಗಿ ಕಂಪನಿಯ ಲೆಕ್ಕದಲ್ಲಿ ಮೂವತ್ತೆಂಟು ವರ್ಷದ ಹೆಂಗಸು. ಅವಳಿಗೆಂದು ಮಾಡಿದ ರಕ್ಷಣೆ ಅವಳನ್ನು ಮುಟ್ಟುವುದೇ ಇಲ್ಲ.

ನಿಮ್ಮನ್ನು ದೂರುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ಗಲ್ಫಿನಲ್ಲಿರುವ ಅಪ್ಪನ ಮುಖ ನೋಡಲು ಮಗುವಿಗೆ ಆ ಫೋನೇ ಗತಿ ಎಂಬುದನ್ನು ಬಲ್ಲೆ. ಬೀಡಿ ಕಟ್ಟಿ, ಅಡುಗೆ ಮುಗಿಸಿ ದಣಿದ ತಾಯಿ ಮಗು ಹಟ ಮಾಡಿದಾಗ ಫೋನ್ ಕೊಟ್ಟುಬಿಡುವುದನ್ನೂ ಬಲ್ಲೆ. ಆದರೂ ವರ್ಷ ಸುಳ್ಳಾದರೆ ರಕ್ಷಣೆಯೂ ಸುಳ್ಳು, ಇದನ್ನು ಇನ್ನೊಮ್ಮೆ ಹೇಳದೆ ಇರಲಾರೆ. ನಿಜವಾದ ವರ್ಷ ಹಾಕಿದರೆ ಖಾತೆಯೇ ಮುಚ್ಚಿಹೋಗುತ್ತದೆ ಎಂದು ಕೆಲವರು ಆಕ್ಷೇಪಿಸಿದಿರಿ. ಹೌದು, 13 ತುಂಬದ ಮಗುವಿನ ಇನ್‌ಸ್ಟಾಗ್ರಾಮ್ ಖಾತೆ ಮುಚ್ಚಿಹೋಗುತ್ತದೆ. ಹೋಗಲಿ. ಮಗು ಎರಡು ದಿನ ಅಳಬಹುದು, ನಿಮ್ಮ ಮೇಲೆ ಮುನಿಸಿಕೊಳ್ಳಬಹುದು. ಅಪರಿಚಿತನೊಬ್ಬ ಫೋಟೋ ಕೇಳಿದ್ದನ್ನು ಯಾರಿಗೂ ಹೇಳಲಾಗದೆ ಅಳುವ ಮಗುವನ್ನು ನನ್ನ ಕೋಣೆಯಲ್ಲಿ ಕೂರಿಸಿ ಸಮಾಧಾನ ಮಾಡಿದವಳು ನಾನು. ಆ ಅಳು ಎರಡು ದಿನಕ್ಕೆ ನಿಲ್ಲಲಿಲ್ಲ.

ಕನ್ನಡದಲ್ಲೇ ಕಲಿತ ತಾಯಂದಿರು ಫೋನಿನ ಇಂಗ್ಲಿಷ್, ಮಲಯಾಳ ಸೂಚನೆಗಳು ಅರ್ಥವಾಗುವುದಿಲ್ಲ ಎಂದಿರಿ. ನ್ಯಾಯವಾದ ಮಾತು. ಹೆಚ್ಚಿನ ಫೋನುಗಳಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದು. ಶುಕ್ರವಾರ ಮಧ್ಯಾಹ್ನ 3ಕ್ಕೆ ನಮ್ಮ ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನ ಮಕ್ಕಳು ಕಂಪ್ಯೂಟರ್ ಕೋಣೆಯಲ್ಲಿ ಇದನ್ನೆಲ್ಲ ಮಾಡಿ ತೋರಿಸುತ್ತಾರೆ. ಬರುವಾಗ ಫೋನ್ ತನ್ನಿ. ಮಗುವಿಗೆ ಯಾರಿಂದಲಾದರೂ ಕಿರುಕುಳವಾಗಿದ್ದರೆ ಸಭೆಗೆ ಕಾಯದೆ ನನ್ನನ್ನು ಕಾಣಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಶುಕ್ರವಾರಕ್ಕೂ ಮೊದಲು ನಿಮ್ಮ ಮಗುವಿನ ಖಾತೆಯಲ್ಲಿ ಯಾವ ಹುಟ್ಟಿದ ವರ್ಷವಿದೆಯೆಂದು ಇಂದು ರಾತ್ರಿಯೇ ನೋಡಿ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ