ಹಳೇ ಆಟದ ರೈಲು ಕೆಟ್ಟಿರಲ್ಲ, ಕೊಳೆಯಾಗಿರುತ್ತೆ

ಸಂಪಾದಕರಿಗೆ ನಮಸ್ಕಾರ,

ಯಾರೋ ಆಡಿ ಬಿಟ್ಟಿದ್ದ ಎಲೆಕ್ಟ್ರಿಕ್ ಟ್ರೈನ್ ಸೆಟ್ ಒಂದನ್ನ ಮಗಳಿಗೋಸ್ಕರ ತಂದೆ. ಕೊಟ್ಟೋರು "ಓಡಲ್ಲ ಇದು, ಮೋಟರ್ ಸುಟ್ಟಿದೆ, ಬೇಕಿದ್ರೆ ತಗೊಂಡ್ಹೋಗಿ" ಅಂತ ಹೇಳೇ ಕೊಟ್ಟಿದ್ರು. ರಾತ್ರಿ ಊಟ ಆದ್ಮೇಲೆ ಸ್ವಲ್ಪ ಸ್ವಲ್ಪ ಬಿಚ್ಚಿ ನೋಡ್ತಾ ಹೋದೆ, ಮೋಟರ್‌ಗೆ ಏನೂ ಆಗಿರ್ಲಿಲ್ಲ. ಇಂಥ ಸೆಟ್ ಎಷ್ಟೋ ಮನೆಗಳಿಂದ ಕೆಟ್ಟಿದೆ ಅಂತಾನೇ ಗುಜರಿಗೆ ಹೋಗ್ತಿರುತ್ತೆ, ಅದು ತಡೆಯಕ್ಕಾಗದೆ ಬರೀತಿದೀನಿ.

ಈ ರೈಲಿಗೆ ಕರೆಂಟ್ ಬರೋದೇ ಹಳಿಯಿಂದ. ಒಂದು ಹಳಿ ಪ್ಲಸ್ಸು ಇನ್ನೊಂದು ಮೈನಸ್ಸು, ಹೆಚ್ಚಿನ ಸೆಟ್‌ಗಳಲ್ಲಿ 12 ವೋಲ್ಟ್ ಡಿಸಿ, ಚಕ್ರ ಅದನ್ನ ಹಿಡ್ಕೊಂಡು ಮೋಟರ್‌ಗೆ ಕೊಡುತ್ತೆ, ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದ್ರೆ ರೈಲು ಹಿಂದಕ್ಕೆ ಹೋಗುತ್ತೆ. ಹಾಗಿರುವಾಗ ಹಳಿ ಮೇಲೆ ಕಿಲುಬು, ಚಕ್ರದ ಸುತ್ತ ಕಪ್ಪು ಜಿಡ್ಡು ಕೂತಿದ್ರೆ ಮೋಟರ್ ಪಾಪ ಏನ್ ಮಾಡುತ್ತೆ? ನನ್ನ ಸೆಟ್ಟಿನದು ಹಿತ್ತಾಳೆ ಹಳಿ, ಅದಕ್ಕೆ ಕಿಲುಬು ಬೇಗ ಹಿಡಿಯುತ್ತೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದ್ರೆ ಬಟ್ಟೆ ಕರೀ ಮಸಿ ಆಗ್ತಿತ್ತು (ಪ್ಲಗ್ ಕಿತ್ತು, ಕಿಟಕಿ ತೆಗೆದಿಟ್ಟು ಮಾಡಿ). ಸ್ಯಾಂಡ್ ಪೇಪರ್ ಮಾತ್ರ ಬೇಡ, ಒಂದು ತುಂಡು ಹಳಿಗೆ ನಾನು ಉಜ್ಜಿದ್ದೆ, ಆಗ ಪಳಪಳ ಅಂತು, ಆಮೇಲೆ ಅದೇ ಗೀರುಗಳಲ್ಲಿ ಕೊಳೆ ಬೇಗ ಬೇಗ ತುಂಬ್ಕೊಳ್ತು.

ಒಳಗಡೆ ಹಳೇ ಎಣ್ಣೆ ಗೋಂದಿನ ಥರ ಗಟ್ಟಿಯಾಗಿತ್ತು. ಅದನ್ನ ತೆಗೆದು, ಕಮ್ಯುಟೇಟರ್ (ಮೋಟರ್ ಶಾಫ್ಟ್ ಮೇಲಿರೋ ತಾಮ್ರದ ಭಾಗ, ಕಾರ್ಬನ್ ಬ್ರಷ್ಷು ಅದಕ್ಕೆ ಒರಗಿ ಕರೆಂಟ್ ಕೊಡುತ್ತೆ) ಒರೆಸಿ, ಶಾಫ್ಟ್ ತಿರುಗೋ ಜಾಗಕ್ಕೆ ಸೂಜಿ ಮೊನೆಯಲ್ಲಿ ಒಂದು ಹನಿ ಎಣ್ಣೆ ಬಿಟ್ಟೆ ಅಷ್ಟೇ. ಜಾಸ್ತಿ ಹಾಕಿದ್ರೆ ಅದು ಕಮ್ಯುಟೇಟರ್‌ಗೆ ಹರಿದು ಕಾರ್ಬನ್ ಪುಡಿ ಜೊತೆ ಸೇರಿ ಮತ್ತೆ ರಾಡಿ ಆಗುತ್ತೆ. ಇಂಜಿನ್ ಚಕ್ರದ ರಬ್ಬರ್ ರಿಂಗ್ ಸೆಟೆದು ಬಿರುಕು ಬಿಟ್ಟಿತ್ತು, ಚಕ್ರ ತಿರುಗುತ್ತೆ ಆದ್ರೆ ಡಬ್ಬಿ ಎಳೆಯಲ್ಲ, ಹೊಸ ರಿಂಗ್ ಹಾಕಿದ್ಮೇಲೆ ನಾಲ್ಕೂ ಡಬ್ಬಿ ಎಳೀತು.

ಎರಡು ವಿಷಯದಲ್ಲಿ ಮಾತ್ರ ದಯವಿಟ್ಟು ಉಳಿತಾಯ ನೋಡ್ಬೇಡಿ. ಒಂದು, ಹಳೇ ಟ್ರಾನ್ಸ್‌ಫಾರ್ಮರ್. ಹಳಿ ಮೇಲಿರೋ 12 ವೋಲ್ಟ್‌ಗೆ ಹೆದರೋದು ಬೇಡ, ಆದ್ರೆ ಆ ಟ್ರಾನ್ಸ್‌ಫಾರ್ಮರ್ ಒಳಗೆ ಬರೋದು ಗೋಡೆಯ ಮೇನ್ ಕರೆಂಟು, ವೈರಿನ ಮೇಲ್ಪದರ ವರ್ಷಗಳಾದ್ಮೇಲೆ ಒಡೆದು ಉದುರುತ್ತೆ, ನಮ್ಮದ್ರಲ್ಲಿ ಪ್ಲಗ್ ಹತ್ರ ತಾಮ್ರ ಕಾಣ್ತಿತ್ತು, ನಾನದನ್ನ ಹಾಕಿ ನೋಡೋ ಗೋಜಿಗೂ ಹೋಗದೆ ಸುರಕ್ಷತೆ ಮಾರ್ಕ್ ಇರೋ ಹೊಸದನ್ನೇ ತಂದೆ. ಇನ್ನೊಂದು, ತುಂಬಾ ಹಳೇ ತಗಡಿನ ರೈಲಿನ ಬಣ್ಣ. ಅದ್ರಲ್ಲಿ ಸೀಸ ಇರಬಹುದು, ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಹಾಗಾಗಿ ಅಂಥದ್ದನ್ನ ಉಜ್ಜಕ್ಕೂ ಹೋಗ್ಬೇಡಿ, ಮಗು ಕೈಗೂ ಬೇಡ.

ರಿಪೇರಿಗಿಂತ ಕಷ್ಟ ಆಗಿದ್ದು ರಬ್ಬರ್ ರಿಂಗ್ ಹುಡುಕೋದು. ಎರಡು ಹಳಿ ನಡುವಿನ ಅಂತರ 16.5 ಮಿಲಿಮೀಟರ್ ಇದ್ರೆ ಎಚ್‌ಓ ಅಥವಾ ಡಬಲ್ ಓ, 9 ಇದ್ರೆ ಸಾಮಾನ್ಯವಾಗಿ ಎನ್ (ಇವು ಆಟದ ರೈಲಿನ ಅಳತೆಗಳ ಹೆಸರು), ಅಷ್ಟು ಅಳೆದ್ರೆ ಹಳಿ ಡಬ್ಬಿ ಹೊಂದಿಸ್ಬಹುದು, ಆದ್ರೆ ರಿಂಗು ಕಾರ್ಬನ್ ಬ್ರಷ್ಷು ಇಂಜಿನ್‌ಗೊಂದು ಸೈಜು. ಆಟದ ಸಾಮಾನು ಮಾಡೋರು ಇಂಜಿನ್ ಹೊಟ್ಟೆ ಕೆಳಗೆ ಆ ಸೈಜುಗಳನ್ನ ಅಚ್ಚು ಹಾಕಿ, ಸ್ಪೇರ್ ಬಿಡಿಯಾಗಿ ಮಾರಿದ್ರೆ ಸಾಕು, ಒಂದು ಸೆಟ್ಟಲ್ಲಿ ಎಷ್ಟೋ ಮಕ್ಕಳು ಆಡ್ತಾರೆ. ಇದನ್ನ ಅವರ ಕಣ್ಣಿಗೆ ಬೀಳೋ ಹಾಗೆ ಪ್ರಕಟಿಸಿ ಅಂತ ಕೇಳ್ಕೊಳ್ತೀನಿ.

ಮಗಳಿಗೆ ಈಗ ಆರು. ತಿರುವಲ್ಲಿ ರೈಲು ತಡವರಿಸಿದ್ರೆ "ಅಪ್ಪ, ಕೊಳೆ" ಅಂತಾಳೆ, ಪ್ಲಗ್ ತೆಗಿ ಅಂತ ನಂಗೆ ಹೇಳಿ ಒಣ ಬಟ್ಟೆ ತಗೊಂಡು ಅವಳೇ ಒರೆಸ್ತಾಳೆ.

ಇಂತಿ,
ನಿಮ್ಮ ಓದುಗ