ಸ್ವಿಚ್ 2 ಚರ್ಚೆ: ಭಾನುವಾರ ರಾತ್ರಿ 9ಕ್ಕೆ

ಎಲ್ಲರಿಗೂ ನಮಸ್ಕಾರ. ನಿಂಟೆಂಡೊ ಕಂಪನಿಯ ಹೊಸ ಗೇಮ್ ಕನ್ಸೋಲ್ ಸ್ವಿಚ್ 2 ಹಳೆಯ ಸ್ವಿಚ್‌ನಷ್ಟೇ ಮಾರಾಟ ಆಗುತ್ತದಾ ಅನ್ನುವ ಜಗಳ ನಮ್ಮ ಗುಂಪಿನಲ್ಲಿ ಎರಡು ದಿನದಿಂದ ನಿಂತಿಲ್ಲ. ರಾತ್ರಿ ಎರಡು ಗಂಟೆಗೂ ಫೋನ್ ಟಣ್ ಅನ್ನುತ್ತಿದೆ, ಮನೆಯವರು ಬೈಯುತ್ತಿದ್ದಾರೆ. ಹಾಗಾಗಿ ಭಾನುವಾರ ರಾತ್ರಿ 9ರಿಂದ 10ರವರೆಗೆ ಒಟ್ಟಿಗೆ ಮಾತಾಡೋಣ. ಅಲ್ಲಿಯವರೆಗೆ ಈ ವಿಷಯಕ್ಕೆ ಬಿಡುವು ಕೊಡಿ.

ಬರುವ ಮುಂಚೆ ಒಂದಷ್ಟು ಲೆಕ್ಕ ನೋಡಿಕೊಳ್ಳಿ. 2017ರ ಮಾರ್ಚ್‌ನಲ್ಲಿ ಬಂದ ಸ್ವಿಚ್ 15 ಕೋಟಿಗೂ ಜಾಸ್ತಿ ಮಾರಾಟವಾಗಿದೆ. 2025ರ ಜೂನ್ 5ಕ್ಕೆ ಬಂದ ಸ್ವಿಚ್ 2 ಮೊದಲ ನಾಲ್ಕೇ ದಿನದಲ್ಲಿ 35 ಲಕ್ಷ ದಾಟಿತು. ಆರಂಭ ಜೋರಾಗಿದೆ, ಒಪ್ಪುತ್ತೇನೆ. ಆದರೆ ಅಣ್ಣ ಗೆದ್ದ ಅಂತ ತಮ್ಮನೂ ಗೆಲ್ಲಬೇಕು ಅಂತೇನಿಲ್ಲ ಅಲ್ವಾ? ನಿಂಟೆಂಡೊದ್ದೇ ಹಳೆಯ ಕನ್ಸೋಲ್ ವೀ 10 ಕೋಟಿ ದಾಟಿತ್ತು. ಅದರ ಬೆನ್ನಿಗೆ ಬಂದ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. ಅವರದ್ದೇ ಕೈಯಲ್ಲಿ ಹಿಡಿದು ಆಡುವ ಡಿಎಸ್ 15.4 ಕೋಟಿ, ಆಮೇಲಿನ 3ಡಿಎಸ್ ಅದರ ಅರ್ಧದಷ್ಟು.

ಬೆಲೆಯೂ ಇದೆ. ಅಮೆರಿಕದಲ್ಲಿ ಹಳೆಯದು 300 ಡಾಲರ್‌ಗೆ ಶುರುವಾಗಿತ್ತು, ಹೊಸದು 450ಕ್ಕೆ. ಮಕ್ಕಳಿಗೆ ಕೊಡಿಸುವ ಅಪ್ಪ ಅಮ್ಮ ಎರಡು ಸಲ ಯೋಚಿಸುತ್ತಾರೆ. ಇನ್ನು 2020ರ ಲಾಕ್‌ಡೌನ್ ಹಳೆಯದಕ್ಕೆ ಕೊಟ್ಟ ಬಲ ಹೊಸದಕ್ಕೆ ಸಿಗುವುದಿಲ್ಲ. ನನ್ನ ಅಂದಾಜು: 10 ಕೋಟಿ ಆಗಬಹುದು, 15 ಕಷ್ಟ. ಬೇಕಾದರೆ ಬೈಯಿರಿ, ಆದರೆ ಭಾನುವಾರ!

ಸುಮ್ನೆ ಫಾರ್ವರ್ಡ್ ಹಾಕಬೇಡಿ. ಅಂಕಿ ಹಾಕಿದರೆ ಎಲ್ಲಿಂದ ಸಿಕ್ಕಿತು ಅಂತಲೂ ಬರೆಯಿರಿ. ಎದುರಾಳಿ ಕನ್ಸೋಲ್ ಪ್ಲೇಸ್ಟೇಷನ್‌ನ ಅಭಿಮಾನಿಗಳಿಗೂ ಸ್ವಾಗತ.